ಹಿಂದಿನ ಸೀಟಿಗೆ ಬೇಕಾಗಿದ್ದ ಸ್ಪ್ರಿಂಗ್

ಕಾರಿನ ಸಸ್ಪೆನ್ಷನ್ ವಿಷಯದಲ್ಲಿ ನನಗೆ ಬುದ್ಧಿ ಹೇಳದವರು ಸುಂಟಿಕೊಪ್ಪದಲ್ಲಿ ಯಾರೂ ಉಳಿದಿಲ್ಲ. ಕ್ಷೌರದಂಗಡಿಯಲ್ಲಿ ಕತ್ತರಿ ಹಿಡಿದವನು ಹೇಳಿದ. ಮೀನಿನಂಗಡಿಯಲ್ಲಿ ನನ್ನ ಹಿಂದೆ ನಿಂತಿದ್ದವರು ಮತ್ತಿ ಮೀನು ಆರಿಸಿಕೊಳ್ಳುತ್ತಲೇ ಹೇಳಿದರು. ಬ್ಯಾಂಕಿನಲ್ಲಿ ಪಾಸ್‌ಬುಕ್ ಕೊಡಲು ಹೋದರೆ ಕೌಂಟರಿನ ಒಳಗಿದ್ದವರೂ ಪೆನ್ನು ಕೆಳಗಿಟ್ಟು ಹೇಳಿದರು. ನಮ್ಮ ಕಡೆ ಏರು, ಇಳಿಜಾರು, ತಿರುವು ಬಿಟ್ಟರೆ ಬೇರೆ ರಸ್ತೆಯಿಲ್ಲ. ಅದರ ಮೇಲೆ ಸ್ಟೇರಿಂಗ್ ತಿರುಗಿಸಿದ ಪ್ರತಿಯೊಬ್ಬನೂ ತನ್ನನ್ನು ಇಂಜಿನಿಯರ್ ಅಂದುಕೊಂಡಿರುತ್ತಾನೆ. ನಾನೂ ಅಂದುಕೊಂಡಿದ್ದೆ. ಇದನ್ನು ಬರೆಯುವಾಗಲೂ ನನಗೆ ಸಿಟ್ಟು ಇಳಿದಿಲ್ಲ. ಆ ಸಿಟ್ಟು ಯಾರ ಮೇಲೆ ಎಂದು ಹೇಳಲು ಸ್ವಲ್ಪ ಹೊತ್ತು ಬೇಕು.

ನಾನು ಸುಂಟಿಕೊಪ್ಪದಿಂದ ಮೇಲಕ್ಕಿರುವ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ಬೆಳಿಗ್ಗೆ ಆಳುಗಳ ಹಾಜರಿ ಹಾಕುವುದು, ಪಿಕ್ಕಿಂಗ್, ಅಂದರೆ ಕಾಫಿ ಕೊಯ್ಲಿನ ಸಮಯದಲ್ಲಿ ಸಂಜೆ ಹಣ್ಣಿನ ಮೂಟೆ ತೂಕ ಹಾಕಿಸುವುದು ನನ್ನ ಕೆಲಸ. ನನ್ನ ಹೆಂಡತಿ ಮಾದಾಪುರದ ಕಡೆ ಒಂದು ಸರ್ಕಾರಿ ಶಾಲೆಯಲ್ಲಿ ಟೀಚರ್. ಒಂದನೇ ಕ್ಲಾಸು, ಎರಡನೇ ಕ್ಲಾಸು ಎರಡೂ ಅವಳದ್ದೇ. ಎಸ್ಟೇಟ್ ಆಳುಗಳ ಲೈನ್ ಮನೆಗಳಿಂದ ಬರುವ ಮಕ್ಕಳು ಮನೆಯಲ್ಲಿ ಒಂದು ಭಾಷೆ, ಅಂಗಳದಲ್ಲಿ ಇನ್ನೊಂದು ಭಾಷೆ ಆಡಿಕೊಂಡು ಬಂದು ಅವಳ ಮುಂದೆ ಕೂತು ಕನ್ನಡದ ಅಕ್ಷರ ತಿದ್ದುತ್ತವೆ. ಮನೆಯಿಂದ ಶಾಲೆಗೆ ಹದಿನಾಲ್ಕು ಕಿಲೋಮೀಟರ್. ಮೊದಲ ಮೂರು ಕಿಲೋಮೀಟರ್ ಎಸ್ಟೇಟ್ ರಸ್ತೆ, ಬರೀ ಕಲ್ಲು. ಆಮೇಲೆ ಟಾರು ರಸ್ತೆ, ಬರೀ ತಿರುವು. ಬೆಳಿಗ್ಗೆ ಹಾಜರಿ ಮುಗಿಸಿ ಬಂದು ಅವಳನ್ನು ಬಿಡುವುದು, ಸಂಜೆ ತೂಕಕ್ಕೆ ಮೊದಲು ಕರೆತರುವುದು ಒಂಬತ್ತು ವರ್ಷದಿಂದ ನಡೆದುಕೊಂಡು ಬಂದಿತ್ತು. ಕಾರಿಗೂ ಅಷ್ಟೇ ವಯಸ್ಸು, ಸಣ್ಣ ಕಾರು.

ಎರಡು ವರ್ಷದ ಹಿಂದೆ ಅವಳ ಸೊಂಟದ ಡಿಸ್ಕ್ ಜಾರಿತು. ಮಡಿಕೇರಿಯ ಡಾಕ್ಟರು ಸ್ಕ್ಯಾನಿನ ಫಿಲ್ಮನ್ನು ಬೆಳಕಿಗೆ ಹಿಡಿದು ತೋರಿಸಿ ಎರಡೇ ಮಾತು ಹೇಳಿದರು. "ಜರ್ಕ್ ಆಗಬಾರದು. ಕೂತಲ್ಲಿ ಮೈ ಆ ಕಡೆ ಈ ಕಡೆ ವಾಲಬಾರದು. ಇಷ್ಟು ನೋಡಿಕೊಂಡರೆ ಆಪರೇಷನ್ ಬೇಡ, ಕೆಲಸಕ್ಕೂ ಹೋಗಬಹುದು. ಆಗಲ್ಲ ಅಂದ್ರೆ ಕೆಲಸ ಬಿಟ್ಟು ಮನೆಯಲ್ಲಿ ಮಲಗಬೇಕಾಗುತ್ತೆ."

ಅವಳಿಗೆ ಇನ್ನು ನಾಲ್ಕು ವರ್ಷ ಸರ್ವಿಸ್ ಇತ್ತು. ಆಸ್ಪತ್ರೆಯ ಮೆಟ್ಟಿಲು ಇಳಿಯುವಾಗ ನನ್ನ ತೋಳು ಹಿಡಿದುಕೊಂಡು, "ಮನೇಲಿ ಮಲಗಿದ್ರೆ ನಂಗೆ ತಲೆ ಕೆಡುತ್ತೆ. ಶಾಲೆ ಮಾತ್ರ ಬಿಡ್ಸಬೇಡಿ," ಎಂದಳು. ನಾಲ್ಕು ವರ್ಷದ ಶಾಲೆ ನಿಂತಿದ್ದದ್ದು ದಿನಕ್ಕೆ ಇಪ್ಪತ್ತೆಂಟು ಕಿಲೋಮೀಟರಿನ ಮೇಲೆ. ಆ ಇಪ್ಪತ್ತೆಂಟು ಕಿಲೋಮೀಟರ್ ನನ್ನ ಕಾರಿನ ಕೈಯಲ್ಲಿತ್ತು. ಇದನ್ನು ಸರಿ ಮಾಡಿಯೇ ತೀರುತ್ತೇನೆ ಎಂದು ಅಲ್ಲೇ ಪಾರ್ಕಿಂಗ್ ಜಾಗದಲ್ಲಿ ನಿರ್ಧಾರ ಮಾಡಿದೆ.

ಆಗ ಕಾರಿನ ಶಾಕ್ ಅಬ್ಸಾರ್ಬರ್‌ಗಳು ಆಯಿಲ್ ಸೋರಿಸಿಕೊಂಡು ಸತ್ತಿದ್ದವು. ಎಸ್ಟೇಟ್ ರಸ್ತೆಯಲ್ಲಿ ಒಂದು ಕಲ್ಲು ಹತ್ತಿದರೆ ಕೆಳಗಿನಿಂದ ದಡ್ ಎಂದು ಹೊಡೆತ, ಟಾರು ರಸ್ತೆಯ ತಿರುವಿನಲ್ಲಿ ಕಾರು ಒಂದು ಕಡೆಗೆ ಮಲಗಿಕೊಳ್ಳುತ್ತಿತ್ತು. ಮುಂದಿನ ಸೀಟಿನಲ್ಲಿ ಅವಳಿಗೆ ಸೊಂಟ ಹಿಡಿಯುತ್ತಿದ್ದರಿಂದ ಹಿಂದಿನ ಸೀಟಿನಲ್ಲಿ ಓರೆಯಾಗಿ, ದಿಂಬು ಒತ್ತಿಟ್ಟು, ಒಂದು ಕಾಲು ಚಾಚಿ ಕೂರುತ್ತಿದ್ದಳು. ತಿರುವು ಬಂದಾಗಲೆಲ್ಲ ಮೇಲಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿಯುವುದು ಕನ್ನಡಿಯಲ್ಲಿ ಕಾಣುತ್ತಿತ್ತು. ಹೀಗೆ ನನಗೆ ಎರಡು ಬೇಕಾಗಿತ್ತು. ಕಾರು ವಾಲಬಾರದು, ಹೊಡೆಯಲೂಬಾರದು. ಈ ಎರಡಕ್ಕೂ ಒಂದಕ್ಕೊಂದು ಆಗಿಬರುವುದಿಲ್ಲ ಎಂಬುದು ನನಗೆ ಆಮೇಲೆ ತಿಳಿಯಿತು. ಸ್ಪ್ರಿಂಗ್ ಗಟ್ಟಿ ಮಾಡಿದರೆ ಕಾರು ತಿರುವಿನಲ್ಲಿ ನೆಟ್ಟಗೆ ನಿಲ್ಲುತ್ತದೆ, ಆದರೆ ರಸ್ತೆಯ ಕಲ್ಲು ನೇರ ಬೆನ್ನಿಗೆ ಬರುತ್ತದೆ. ಮೆತ್ತಗೆ ಮಾಡಿದರೆ ಕಲ್ಲು ತಿಳಿಯುವುದಿಲ್ಲ, ತಿರುವಿನಲ್ಲಿ ತೊಟ್ಟಿಲು.

ರಸ್ತೆಯ ಬಗ್ಗೆ ಬರೆಯಬಾರದು ಎಂದುಕೊಂಡಿದ್ದೆ, ಆದರೂ ಹಂಪುಗಳ ಬಗ್ಗೆ ಎರಡು ಮಾತು ಬರೆಯದೆ ಕೈ ನಿಲ್ಲುವುದಿಲ್ಲ. ಶಾಲೆಯ ಮುಂದೆ ಒಂದು ಹಂಪು ಇರಲಿ, ಒಪ್ಪುತ್ತೇನೆ. ಪ್ರತಿಯೊಬ್ಬರ ಗೇಟಿನ ಮುಂದೆ ಏಕೆ? ಯಾರದೋ ಮನೆಯ ನಾಯಿಗೆ ಬೈಕ್ ತಾಗಿತು ಎಂದು ಒಂದು ಹಂಪು. ಅದನ್ನು ನೋಡಿ ಪಕ್ಕದ ಮನೆಯವರಿಗೂ ಒಂದು. ಬಣ್ಣವಿಲ್ಲ, ಬೋರ್ಡಿಲ್ಲ, ಆಕಾರವಿಲ್ಲ. ಉಳಿದ ಜಲ್ಲಿ ಟಾರನ್ನು ರಸ್ತೆಗೆ ಅಡ್ಡ ಸುರಿದು ಗುದ್ದಲಿಯಲ್ಲಿ ತಟ್ಟಿದರೆ ಆಯಿತು. ಬೆನ್ನು ನೋವಿರುವ ಒಬ್ಬ ಹೆಂಗಸು ದಿನಾ ಎರಡು ಸಲ ಅದರ ಮೇಲೆ ಹೋಗುತ್ತಾಳೆ ಎಂದು ಯಾರಿಗೂ ಹೊಳೆಯಲಿಲ್ಲ. ಪಂಚಾಯ್ತಿಗೆ ಹೋಗಿ ಕೂಗಾಡಿದೆ. ಅಲ್ಲಿದ್ದವರು ಟೀ ತರಿಸಿಕೊಟ್ಟು, ನನ್ನ ಕಾರಿಗೆ ಒಳ್ಳೆಯ ಶಾಕ್ ಹಾಕಿಸಬೇಕೆಂದು ಸಲಹೆ ಕೊಟ್ಟರು.

ಮೊದಲು ನಾನು ಕೇಳಿದ್ದು ದುಬಾರೆಗೆ ಪ್ರವಾಸಿಗರನ್ನು ಕರೆದೊಯ್ಯುವ ಟ್ಯಾಕ್ಸಿಯವನ ಮಾತನ್ನು. ದಿನಾ ಐದು ಜನ, ಅವರ ಚೀಲ, ಅವರ ಒದ್ದೆ ಬಟ್ಟೆ, ಎಲ್ಲವನ್ನೂ ತುಂಬಿಕೊಂಡು ಓಡಾಡುವವನು. "ಎಂತಕ್ಕೆ ತಲೆ ಕೆಡಿಸ್ಕೊಳ್ತೀರಿ ರೈಟ್ರೇ. ಸ್ಪ್ರಿಂಗ್ ಮಧ್ಯೆ ರಬ್ಬರ್ ಬಫರ್ ಹಾಕ್ಸಿ. ಗಾಡಿ ಎರಡಿಂಚು ಮೇಲೆ ಬರ್ತದೆ. ನಂದು ಐದು ಜನ ಕೂತ್ರೂ ಹಂಪಿಗೆ ತಾಗುದಿಲ್ಲ," ಎಂದ. ಕುಶಾಲನಗರದ ಅಂಗಡಿಯಲ್ಲಿ ಹಾಕಿಸಿದೆ. ಕಾರು ಎದ್ದು ನಿಂತಿತು. ಕೆಳಗಿನ ದಡ್ ಶಬ್ದವೂ ಹೋಯಿತು. ಸ್ಪ್ರಿಂಗಿನ ಸುರುಳಿಗಳ ನಡುವೆ ರಬ್ಬರ್ ತುರುಕಿದರೆ ಸ್ಪ್ರಿಂಗ್ ಕುಗ್ಗುವುದಾದರೂ ಹೇಗೆ, ಕುಗ್ಗದ ಸ್ಪ್ರಿಂಗ್ ಇದ್ದೂ ಏನು ಪ್ರಯೋಜನ ಎಂಬ ಸಣ್ಣ ಪ್ರಶ್ನೆ ನನ್ನ ದೊಡ್ಡ ತಲೆಗೆ ಹೋಗಲಿಲ್ಲ. ಶಾಲೆಯ ಗೇಟಿನಲ್ಲಿ ನಿಲ್ಲಿಸಿ, "ಗಾಡಿ ಹೇಗಿದೆ?" ಎಂದು ಕೇಳಿದೆ. ಅವಳು ದಿಂಬನ್ನು ಸೀಟಿನ ಮೂಲೆಗೆ ಒತ್ತಿ ಇಟ್ಟು, "ಪರವಾಗಿಲ್ಲ," ಎಂದಳು.

ವರ್ಷ ದಾಟುವವರೆಗೂ ದಿನಾ ಕೇಳಿದೆ, ದಿನಾ ಅದೇ ಉತ್ತರ. ಪರವಾಗಿಲ್ಲ ಎಂದರೆ ಸಾಲದು ಎಂದು ನನಗೆ ಅನಿಸಿತು. ನಮ್ಮ ಸಾಹುಕಾರರ ತಂಗಿಯ ಮಗ ಗದ್ದೆಯ ಕೆಸರಿನಲ್ಲಿ ನಡೆಯುವ ಕಾರು ರ‍್ಯಾಲಿಗಳಲ್ಲಿ ಓಡಿಸುವವನು. ಗೆದ್ದ ಕಪ್ಪುಗಳನ್ನೆಲ್ಲ ಮನೆಯಲ್ಲಿ ಸಾಲಾಗಿ ಜೋಡಿಸಿಟ್ಟಿದ್ದಾನೆ. ಅವನು ನನ್ನ ಕಾರನ್ನು ಒಂದು ಸುತ್ತು ಓಡಿಸಿಕೊಂಡು ಬಂದು ಮುಖ ಸಿಂಡರಿಸಿದ. "ಇದು ಕಾರಾ ಅಂಕಲ್, ದೋಣಿ. ಗಟ್ಟಿ ಸ್ಪ್ರಿಂಗ್, ಗ್ಯಾಸ್ ಶಾಕ್ ಹಾಕಿ. ತಿರುವಿನಲ್ಲಿ ರಸ್ತೆ ಕಚ್ಚಿಕೊಂಡು ಹೋಗುತ್ತೆ." ಸ್ವಲ್ಪ ಹೊಡೆಯುವುದಿಲ್ಲವೇ ಎಂದು ಕೇಳಿದೆ. "ಸ್ಟೇರಿಂಗಿಗೆ ಏನೂ ಗೊತ್ತಾಗಲ್ಲ," ಎಂದ. ಹಿಂದೆ ಕೂತವರಿಗೆ? "ಹಿಂದೆ ಯಾರು ಕೂರ್ತಾರೆ ಅಂಕಲ್, ನಂದರಲ್ಲಿ ಹಿಂದಿನ ಸೀಟೇ ತೆಗ್ದಿದ್ದೀನಿ," ಎಂದು ನಕ್ಕ. ನಾನೂ ನಕ್ಕೆ.

ಆ ವಾರವೆಲ್ಲ ಫೋನಿನಲ್ಲಿ ವಿಡಿಯೋ ನೋಡಿದೆ. ಹತ್ತಾರು ಜನ, ಹತ್ತಾರು ಕಾರು. ಒಬ್ಬನು ಗಟ್ಟಿ ಎನ್ನುತ್ತಾನೆ, ಒಬ್ಬನು ಮೆತ್ತಗೆ ಎನ್ನುತ್ತಾನೆ, ಇನ್ನೊಬ್ಬನು ಕಾನ್ಫಿಡೆನ್ಸ್ ಬರುತ್ತದೆ ಎನ್ನುತ್ತಾನೆ. ಈಗ ನೆನೆಸಿಕೊಂಡರೆ ಮೈ ಉರಿಯುತ್ತದೆ. ಅವರಲ್ಲಿ ಒಬ್ಬನೂ ಹಿಂದಿನ ಸೀಟಿನಲ್ಲಿ ಕೂತು ಮಾತಾಡಲಿಲ್ಲ. ಎಲ್ಲರ ಕೈಯಲ್ಲೂ ಸ್ಟೇರಿಂಗ್ ಇತ್ತು. ತಿರುವು ಬರುವುದು ಮೊದಲೇ ಗೊತ್ತಿರುವವನಿಗೆ ತಿರುವಿನಲ್ಲಿ ಎಂಥ ಕಷ್ಟ? ಅವನ ಮೈ ಮೊದಲೇ ಸಿದ್ಧವಾಗಿರುತ್ತದೆ, ಹಿಡಿದುಕೊಳ್ಳಲು ಚಕ್ರವೂ ಇರುತ್ತದೆ. ಹಿಂದೆ ಕೂತವರಿಗೆ ಗುಂಡಿ ಬಂದದ್ದು ಗುಂಡಿಗೆ ಬಿದ್ದ ಮೇಲೆಯೇ ತಿಳಿಯುವುದು.

ಬಫರ್ ಉಳಿಸಿಕೊಂಡೇ ಗಟ್ಟಿ ಸ್ಪ್ರಿಂಗ್ ಹಾಕಿಸಿದೆ, ಗ್ಯಾಸ್ ಶಾಕ್ ಹಾಕಿಸಿದೆ. ನಾನು ಕಣ್ಣು ಮುಚ್ಚಿ ಯಾರನ್ನೂ ನಂಬುವವನಲ್ಲ, ಪರೀಕ್ಷೆ ಮಾಡಿಯೇ ಒಪ್ಪುವವನು. ಎಸ್ಟೇಟಿನಲ್ಲಿ ಯಾವ ಗಾಡಿ ರಿಪೇರಿಯಾಗಿ ಬಂದರೂ, ಜೀಪಾಗಲಿ ಟ್ರ್ಯಾಕ್ಟರಿನ ಟ್ರೇಲರಾಗಲಿ, ಕಾಫಿ ಮೂಟೆ ಏರಿಸಿ ಒಂದು ಸುತ್ತು ಓಡಿಸದೆ ನಾವು ಒಳಗೆ ಸೇರಿಸುವುದಿಲ್ಲ. ನನ್ನ ಕಾರಿಗೂ ಅದನ್ನೇ ಮಾಡಿದೆ. ಐವತ್ತೈವತ್ತು ಕಿಲೋ ತೂಗುವ ಎರಡು ಮೂಟೆ ಚೆರಿ ಕಾಫಿಯನ್ನು, ಅಂದರೆ ಒಣಗಿದ ಹಣ್ಣನ್ನು, ಹಿಂದಿನ ಸೀಟಿನ ಮೇಲೆ ಮಲಗಿಸಿ, ಸೀಟ್ ಬೆಲ್ಟಿನಲ್ಲಿ ಕಟ್ಟಿ, ಕಾಫಿ ಒಣಗಿಸುವ ಕಣದಿಂದ ಸುಂಟಿಕೊಪ್ಪದವರೆಗೆ ಹೋಗಿ ಬಂದೆ. ಎಂಥ ಹಾಯಾದ ಓಟ. ಕಲ್ಲು ರಸ್ತೆಯಲ್ಲಿ ಕಾರು ಗಂಭೀರವಾಗಿ ಇಳಿಯಿತು, ತಿರುವಿನಲ್ಲಿ ಅಲ್ಲಾಡಲಿಲ್ಲ. ಮೂಟೆಗಳು ಇಟ್ಟಲ್ಲೇ ಇದ್ದವು. ಗೆದ್ದೆ ಎಂದುಕೊಂಡೆ.

ನೂರು ಕಿಲೋಗೆ ಕುಗ್ಗುವ ಸ್ಪ್ರಿಂಗ್ ನಲವತ್ತೆಂಟು ಕಿಲೋದ ಹೆಂಗಸಿಗೆ ಕುಗ್ಗುತ್ತದೆಯೇ ಎಂದು ನಾನು ಕೇಳಿಕೊಳ್ಳಲಿಲ್ಲ. ದಿನಾ ಸಂಜೆ ತಕ್ಕಡಿಯ ಮುಂದೆ ನಿಲ್ಲುವವನು ನಾನು. ಯಾವ ಮೂಟೆಯಲ್ಲಿ ಎಷ್ಟು ಕಿಲೋ ಎಂದು ನೋಡಿಯೇ ಹೇಳುತ್ತೇನೆ ಎಂಬ ಜಂಬ ಬೇರೆ. ಮಾರನೆಯ ದಿನ ಶಾಲೆಯ ಗೇಟಿನಲ್ಲಿ ಮತ್ತೆ, "ಈಗ ಗಾಡಿ ಹೇಗಿದೆ?" ಎಂದೆ. ಅವಳು ಬಾಗಿಲು ಹಿಡಿದು ನಿಧಾನವಾಗಿ ಇಳಿದು, ಸೀರೆ ಸರಿಮಾಡಿಕೊಂಡು, "ಚೆನ್ನಾಗಿದೆ," ಎಂದಳು. ಸಂಜೆ ಕ್ಷೌರದಂಗಡಿಯಲ್ಲಿ ನಾನೇ ನಾಲ್ಕು ಜನಕ್ಕೆ ಸಸ್ಪೆನ್ಷನ್ ಬಗ್ಗೆ ಪಾಠ ಮಾಡಿದೆ.

ಪಿಕ್ಕಿಂಗ್ ಶುರುವಾದ ಮೇಲೆ ಒಂದು ಬೆಳಿಗ್ಗೆ ಅವಳು, "ನಿಮ್ಗೆ ಈಗ ಕೆಲ್ಸ ಜಾಸ್ತಿ. ಮಾದಾಪುರದವರೆಗೂ ಬರೋದು ಬೇಡ, ಸುಂಟಿಕೊಪ್ಪ ಬಸ್ ಸ್ಟ್ಯಾಂಡಿಗೆ ಬಿಡಿ ಸಾಕು. ಸಂಜೇನೂ ಅಷ್ಟೇ," ಎಂದಳು. ನನಗೆ ಎಷ್ಟು ಸಂತೋಷವಾಯಿತೆಂದರೆ, ಹೆಂಡತಿ ಎಂದರೆ ಹೀಗಿರಬೇಕು ಎಂದು ಹಾಜರಿ ಹಾಕುವಾಗ ಮೇಸ್ತ್ರಿಗೆ ಹೇಳಿದೆ.

ಹತ್ತು ಹನ್ನೆರಡು ದಿನ ಕಳೆದಿರಬೇಕು. ಎಸ್ಟೇಟ್ ಪಂಪಿನ ಒಂದು ಭಾಗವನ್ನು ಸೋಮವಾರಪೇಟೆಗೆ ರಿಪೇರಿಗೆ ಕಳಿಸಬೇಕಾಗಿತ್ತು. ಇಂಥದ್ದನ್ನೆಲ್ಲ ನಾವು ಸುಂಟಿಕೊಪ್ಪ ಸ್ಟ್ಯಾಂಡಿನಲ್ಲಿ, ಮಾದಾಪುರದ ಮೇಲೆ ಹೋಗುವ ಬಸ್ಸಿನ ಕಂಡಕ್ಟರನ ಕೈಗೆ ಕೊಡುವುದು, ಆ ಕಡೆ ಅಂಗಡಿಯವರು ಬಂದು ಇಳಿಸಿಕೊಳ್ಳುವುದು. ಕಂಡಕ್ಟರ್ ಪೊಟ್ಟಣವನ್ನು ಡ್ರೈವರಿನ ಹಿಂದೆ ಇಟ್ಟು ನನ್ನ ಮುಖ ನೋಡಿದ.

"ರೈಟ್ರೇ, ಟೀಚರಿಗೆ ಹುಷಾರಿಲ್ವಾ?"

"ಯಾಕೆ?"

"ಅಲ್ಲ, ನಾನು ದಿನಾ ಸೀಟ್ ಕೊಡಿಸ್ತೇನೆ, ಅವ್ರು ಕೂರೂದೇ ಇಲ್ಲ. ರಾಡ್ ಹಿಡ್ಕೊಂಡು ಮಾದಾಪುರದವರೆಗೂ ನಿಂತೇ ಬರ್ತಾರೆ. ನಿಂತ್ರೆ ನೋವು ಕಡಿಮೆ ಅಂತೆ. ಕಾರಲ್ಲಿ ಕೂತ್ಕೊಂಡು ಬರೂಕ್ಕಿಂತ ಇದೇ ವಾಸಿ ಅಂದ್ರು."

ಬಸ್ಸು ಹೋಯಿತು. ಸ್ಟ್ಯಾಂಡಿನಲ್ಲಿ ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ ಎನ್ನಿಸಿತು. ಪಿತ್ತ ನೆತ್ತಿಗೇರಿತು. ಮೊದಲು ಸಿಟ್ಟು ಬಂದದ್ದು ಅವಳ ಮೇಲೆ, ಇದನ್ನು ಮುಚ್ಚಿಡಬಾರದು. ನಾನು ಇಷ್ಟೆಲ್ಲ ಮಾಡಿಸಿದ ಕಾರಿಗಿಂತ, ಹಿಂದಿನ ಸ್ಪ್ರಿಂಗ್ ಪ್ಲೇಟುಗಳು ಕಿರುಗುಟ್ಟುವ ಆ ಹಳೆಯ ಬಸ್ಸಿನಲ್ಲಿ ನಿಂತು ಹೋಗುವುದು ವಾಸಿಯಂತೆ. ಅದನ್ನು ಹೇಳಿದ್ದು ನನಗಲ್ಲ, ಕಂಡಕ್ಟರಿಗೆ. ಸಂಜೆ ಸ್ಟ್ಯಾಂಡಿನಿಂದ ಕರೆತರುವಾಗ ಹೇಗೋ ತಡೆದುಕೊಂಡು, ಮನೆಯಲ್ಲಿ ಅವಳು ಚಪ್ಪಲಿ ಬಿಡುವ ಮೊದಲೇ ಶುರುಮಾಡಿದೆ. ಯಾಕೆ ಸುಳ್ಳು ಹೇಳಿದೆ, ಊರವರ ಮುಂದೆ ನನ್ನ ಮಾನ ಯಾಕೆ ಕಳೆದೆ, ನಾನು ಯಾರಿಗಾಗಿ ಇಷ್ಟು ಒದ್ದಾಡಿದ್ದು ಎಂದು ಬಾಯಿಗೆ ಬಂದದ್ದೆಲ್ಲ ಆಡಿದೆ.

ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಶಾಲೆಯ ಬ್ಯಾಗಿನಿಂದ ಒಂದು ಹಾಳೆ ತೆಗೆದು ನನ್ನ ಮುಂದಿಟ್ಟಳು. ಸ್ವಯಂ ನಿವೃತ್ತಿಯ ಅರ್ಜಿ. ದುಂಡಾದ ಅಕ್ಷರದಲ್ಲಿ ಎಲ್ಲವನ್ನೂ ಬರೆದಿದ್ದಳು. ಸಹಿಯೂ ಆಗಿತ್ತು. ದಿನಾಂಕದ ಜಾಗ ಮಾತ್ರ ಖಾಲಿ ಇತ್ತು.

"ಗಟ್ಟಿ ಸ್ಪ್ರಿಂಗ್ ಹಾಕ್ಸಿದ ಮಾರನೇ ದಿನ ಬರ್ದಿದ್ದು," ಎಂದಳು. "ಬಸ್ಸಲ್ಲಿ ನಿಂತ್ರೆ ಹೊಡೆತಾನ ಮಂಡಿ ಸ್ವಲ್ಪ ತಡ್ಕೊಳ್ಳುತ್ತೆ. ಎಷ್ಟು ದಿನ ಆಗುತ್ತೋ ನೋಡೋಣ ಅಂತ ಇಟ್ಕೊಂಡಿದ್ದೆ."

"ನನಗೆ ಹೇಳೋಕೇನಾಗಿತ್ತು?"

"ಹೇಳಿದ್ರೆ ಇನ್ನೂ ಒಂದು ಹಾಕಿಸ್ತಿದ್ರಿ."

ಅವಳು ಒಳಗೆ ಹೋಗಿ ಮಲಗಿದಳು. ನಾನು ಆ ಹಾಳೆಯನ್ನು ಹಿಡಿದುಕೊಂಡು ಜಗಲಿಯಲ್ಲಿ ಕೂತೆ. ಜಗಳಕ್ಕೆ ಜಗಳವಾದರೆ ನನಗೆ ಅಭ್ಯಾಸವಿದೆ, ಇಂಥ ಹಾಳೆಗೆ ಇರಲಿಲ್ಲ.

ಶನಿವಾರಸಂತೆಯಲ್ಲಿ ಒಬ್ಬ ಮುದುಕ ಮೆಕ್ಯಾನಿಕ್ ಇದ್ದಾನೆ. ಹಿಂದೆ ನಮ್ಮ ಎಸ್ಟೇಟಿನ ಜೀಪುಗಳನ್ನು ನೋಡಿಕೊಳ್ಳುತ್ತಿದ್ದವನು, ಮಾತು ಕಡಿಮೆ, ಯಾರಿಗೂ ಹೆದರುವವನಲ್ಲ. ಶನಿವಾರ ಹೋದರೆ ಸಂತೆಯ ಗಾಡಿಗಳ ನಡುವೆ ಅವನು ತಲೆ ಎತ್ತುವುದಿಲ್ಲ ಎಂದು ಮಂಗಳವಾರ ರಜೆ ಹಾಕಿ ಹೋದೆ. ಬಫರಿನ ಕಥೆ, ಗಟ್ಟಿ ಸ್ಪ್ರಿಂಗಿನ ಕಥೆ, ಮೂಟೆಯ ಕಥೆ ಎಲ್ಲ ಹೇಳಿದೆ. ಬಸ್ಸಿನದೂ ಹೇಳಿದೆ. ಅವನು ಬೀಡಿ ಆರಿಸಿ ಎದ್ದು, ಕಾರಿನ ಹಿಂದಿನ ಮೂಲೆಯನ್ನು ಎರಡೂ ಕೈಯಲ್ಲಿ ಅದುಮಿ ನೋಡಿದ. ಅದು ಮಿಸುಕಲಿಲ್ಲ.

"ಟೀಚರ್ ಎಲ್ಲಿ ಕೂರೋದು?"

ತೋರಿಸಿದೆ.

"ನೀವು ಅಲ್ಲಿ ಕೂತ್ಕಳಿ. ಅವರು ಕೂತಂಗೇ ಕೂತ್ಕಬೇಕು. ಕೀ ಕೊಡಿ."

ಒಂಬತ್ತು ವರ್ಷದಲ್ಲಿ ನಾನು ನನ್ನ ಕಾರಿನ ಹಿಂದಿನ ಸೀಟಿನಲ್ಲಿ ಕೂತದ್ದು ಅದೇ ಮೊದಲು. ಒಳಗೆ ನುಸುಳಲು ಬಗ್ಗಿದಾಗ ತಲೆ ಬಾಗಿಲಿಗೆ ತಾಗಿತು. ದಿಂಬನ್ನು ಅವಳಂತೆ ಒತ್ತಿಟ್ಟು, ಓರೆಯಾಗಿ, ಕಾಲು ಚಾಚಿ ಕೂತೆ. ಅವನು ಊರ ಹೊರಗಿನ ಮಣ್ಣು ರಸ್ತೆಗೆ ಇಳಿಸಿದ. ಮೊದಲ ಗುಂಡಿಗೆ ಬೆನ್ನಿನ ಕೆಳಗೆ ಸುತ್ತಿಗೆಯಲ್ಲಿ ಹೊಡೆದ ಹಾಗಾಯಿತು. ಎರಡನೆಯದಕ್ಕೆ ಸೀಟಿನಿಂದ ಎದ್ದು ಬಿದ್ದೆ. ಮುಂದೆ ರಸ್ತೆ ಕಾಣುವುದಿಲ್ಲ, ಮುಂದಿನ ಸೀಟಿನ ಬೆನ್ನು ಮಾತ್ರ ಕಾಣುತ್ತದೆ. ಯಾವಾಗ ಏನು ಬರುತ್ತದೋ ಎಂದು ಹಲ್ಲು ಕಚ್ಚಿಕೊಂಡೆ. ಅರ್ಧ ಕಿಲೋಮೀಟರ್ ಆಗುವಷ್ಟರಲ್ಲಿ, "ನಿಲ್ಸಿ ಮಾರಾಯ್ರೇ, ಸಾಕು," ಎಂದೆ.

ಅವನು ನಿಲ್ಲಿಸಲಿಲ್ಲ. "ಹದಿನಾಲ್ಕು ಕಿಲೋಮೀಟ್ರು ಅಂದ್ರಲ್ಲ," ಎಂದ.

ನನ್ನ ಬೆನ್ನು ಗಟ್ಟಿ. ಮೂಟೆ ಎತ್ತಿ ಹಾಕಿದ ಬೆನ್ನು. ಆ ಬೆನ್ನಿಗೇ ಹೀಗಾದರೆ, ಇವಳು ಗೇಟಿನಲ್ಲಿ ಇಳಿದು ಸೀರೆ ಸರಿಮಾಡಿಕೊಂಡು ಚೆನ್ನಾಗಿದೆ ಎಂದದ್ದು ಹೇಗೆ? ಟ್ಯಾಕ್ಸಿಯವನ ಮೇಲೆ, ರ‍್ಯಾಲಿಯವನ ಮೇಲೆ, ಹಂಪು ಹಾಕಿದವರ ಮೇಲೆ, ವಿಡಿಯೋದವರ ಮೇಲೆ ಎರಡು ವರ್ಷ ಕೂಡಿಹಾಕಿದ ಸಿಟ್ಟೆಲ್ಲ ಆ ಹಿಂದಿನ ಸೀಟಿನಲ್ಲಿ ನನ್ನ ಮೇಲೆಯೇ ತಿರುಗಿತು. ಟ್ಯಾಕ್ಸಿಯವನಿಗೆ ಐದು ಜನ, ಅವನ ಬಫರ್ ಅವನಿಗೆ ಸರಿ. ರ‍್ಯಾಲಿಯವನು ಒಬ್ಬನೇ, ಅವನ ಸ್ಪ್ರಿಂಗ್ ಅವನಿಗೆ ಸರಿ. ಅವರು ತಮಗೆ ಗೊತ್ತಿದ್ದದ್ದನ್ನು ಹೇಳಿದರು. ನನ್ನ ಕಾರಿನಲ್ಲಿ ಯಾರು ಕೂರುತ್ತಾರೆ ಎಂಬುದು ನನಗೆ ಗೊತ್ತಿರಬೇಕಾಗಿತ್ತು, ಅವರಿಗಲ್ಲ. ಹೆಂಡತಿಯ ಜಾಗದಲ್ಲಿ ಕಾಫಿ ಮೂಟೆ ಮಲಗಿಸಿ ಬೆಲ್ಟ್ ಕಟ್ಟಿದ ಗಂಡಸು ನಾನೇ.

ಮೆಕ್ಯಾನಿಕ್ ಮಾಡಿದ ಕೆಲಸ ಹೇಳಿಕೊಳ್ಳುವಂಥದ್ದೇನೂ ಅಲ್ಲ. ರಬ್ಬರ್ ಬಫರ್ ಕಿತ್ತು ಎಸೆದ. ಗಟ್ಟಿ ಸ್ಪ್ರಿಂಗ್ ಬಿಚ್ಚಿ ಕಂಪನಿಯ ಅಳತೆಯದ್ದೇ ಹೊಸ ಸ್ಪ್ರಿಂಗ್ ಹಾಕಿದ, ಗ್ಯಾಸ್ ಶಾಕ್ ತೆಗೆದು ಮಾಮೂಲಿ ಆಯಿಲ್ ಶಾಕ್ ಹಾಕಿದ. ಆಮೇಲೆ ಕಾರಿನ ಕೆಳಗೆ ಮಲಗಿ ಮುಂದಿನ ಅಡ್ಡ ರಾಡಿನ ಸವೆದ ಲಿಂಕುಗಳನ್ನು ತೋರಿಸಿದ. "ವಾಲ್ತಿದ್ದಿದ್ದು ಇದ್ರಿಂದ ಕಣ್ರೀ. ಮೆತ್ತಗಿರೋ ಸ್ಪ್ರಿಂಗ್ ತಪ್ಪಲ್ಲ ಅದು. ವಾಲದಂಗೆ ಹಿಡಿಯೋಕೆ ಬೇರೆ ರಾಡು ಐತೆ, ಕಲ್ಲು ನುಂಗೋಕೆ ಸ್ಪ್ರಿಂಗ್ ಐತೆ. ನೀವು ಎರಡು ಕೆಲಸಾನೂ ಸ್ಪ್ರಿಂಗಿಗೇ ಹೇಳಿದ್ರಿ." ಟೈರಿಗೆ ಬಂಕಿನಲ್ಲಿ ಬೇಕಾಬಿಟ್ಟಿ ತುಂಬಿಸಿದ್ದ ಗಾಳಿಯನ್ನೂ ಅಳತೆಗೆ ಇಳಿಸಿದ. ಹತ್ತಿರ ಹತ್ತಿರ ಹೊಸದರಲ್ಲಿ ಕಾರು ಹೇಗಿತ್ತೋ ಹಾಗೆಯೇ ಮಾಡಿಟ್ಟ. ಎರಡು ವರ್ಷ ಅಪ್‌ಗ್ರೇಡ್ ಮಾಡಿ ಮಾಡಿ ನಾನು ಹಾಳು ಮಾಡಿದ್ದನ್ನು ಅವನು ಒಂದು ದಿನದಲ್ಲಿ ಹಿಂದಕ್ಕೆ ತಂದ.

"ಆಯ್ತಾ?" ಎಂದೆ.

"ಆಗಿಲ್ಲ. ಕೂರೋರು ಕೂತು ಹೇಳಿದ್ಮೇಲೆ ಆಗೋದು. ಭಾನುವಾರ ನಾನೇ ಬತ್ತೀನಿ."

ಹೇಳಿದಂತೆ ಭಾನುವಾರ ಬೆಳಿಗ್ಗೆ ಚೀಲದಲ್ಲಿ ಸ್ಪ್ಯಾನರ್ ಹಾಕಿಕೊಂಡು ಬಸ್ಸಿನಲ್ಲಿ ಬಂದ. ಅವನು ಓಡಿಸುವುದು, ಅವಳು ಹಿಂದೆ, ನಾನು ಪಕ್ಕದಲ್ಲಿ. ಹೊರಡುವ ಮೊದಲು ನನಗೆ, "ರೈಟ್ರೇ, ನೀವು ಮಾತಾಡಂಗಿಲ್ಲ," ಎಂದ. ನನ್ನ ಮನೆಯ ಅಂಗಳದಲ್ಲಿ, ನನ್ನ ಕಾರಿನಲ್ಲಿ. ಬಾಯಿ ಮುಚ್ಚಿಕೊಂಡೆ.

ಎಸ್ಟೇಟ್ ರಸ್ತೆ ಅರ್ಧ ಇಳಿದ ಮೇಲೆ ಅವನು, "ಹೆಂಗೈತೆ ಟೀಚರ್?" ಎಂದ.

"ಪರವಾಗಿಲ್ಲ."

ಅವನು ಕಾರು ನಿಲ್ಲಿಸಿಬಿಟ್ಟ. "ಆ ಮಾತು ಬ್ಯಾಡ. ಎಲ್ಲಿ ನೋವು, ಯಾವಾಗ ಬತ್ತದೆ, ಅಷ್ಟು ಹೇಳಿ. ನಿಮ್ಮ ಮಕ್ಕಳು ಕ್ಲಾಸಲ್ಲಿ ಹೊಟ್ಟೆ ನೋವು ಅಂದ್ರೆ ಪರವಾಗಿಲ್ಲ ಅಂತ ಬಿಡ್ತೀರಾ?"

ಅವಳು ಹಿಂದಿನಿಂದ ನನ್ನ ಕಡೆ ಒಮ್ಮೆ ನೋಡಿದಳು. ನಾನು ಕಿಟಕಿಯ ಹೊರಗೆ ನೋಡಿದೆ. ಆಮೇಲೆ ಅವಳು ಮಾತಾಡಿದಳು. ಕಲ್ಲಿನ ಹೊಡೆತ ಈಗ ತಡೆಯಬಹುದು ಎಂದಳು. ಟಾರು ರಸ್ತೆಗೆ ಬಂದು ನಾಲ್ಕು ತಿರುವು ಕಳೆದ ಮೇಲೆ, ವಾಲುವುದು ಕಡಿಮೆಯಾಗಿದೆ, ಆದರೆ ಬಲಕ್ಕೆ ತಿರುಗುವಾಗ ಮಾತ್ರ ಎಡಗಡೆ ಹಿಂದಿನ ಚಕ್ರದ ಹತ್ತಿರ ಏನೋ ಒಂದು ಕ್ಷಣ ತಡವಾಗಿ ಜಾರುತ್ತದೆ, ಅದು ಸೊಂಟಕ್ಕೆ ಸರಕ್ಕೆಂದು ಹಿಡಿಯುತ್ತದೆ ಎಂದಳು. ಎಡಕ್ಕೆ ತಿರುಗುವಾಗ ಇಲ್ಲ. ಹಂಪು ಹತ್ತುವಾಗಲೂ ಇಲ್ಲ. ಬಲ ತಿರುವಿನಲ್ಲಿ ಮಾತ್ರ.

ಅವನು ರಸ್ತೆ ಬದಿಗೆ ನಿಲ್ಲಿಸಿ, ಜ್ಯಾಕ್ ಕೊಟ್ಟು, ಕೆಳಗೆ ತೂರಿದ. ಸ್ವಲ್ಪ ಹೊತ್ತಿನ ಮೇಲೆ ಗ್ರೀಸ್ ಮೆತ್ತಿದ ಕೈ ಹೊರಗೆ ಬಂತು. ಕೈಯಲ್ಲಿ ಒಂದು ಕಡೆ ಸೀಳಿದ ರಬ್ಬರ್ ಬುಷ್, ಕೀಲಿನ ನಡುವೆ ಕೂರುವ ಬಳೆ. "ನಾನೇ ನೋಡಿ ಸರಿಯಾಗೈತೆ ಅಂತ ಬಿಟ್ಟಿದ್ದೆ," ಎಂದು ಎದ್ದು ಕೂತ. "ಈ ಗಾಡಿ ನಿಮ್ಮಷ್ಟು ಯಾರಿಗೂ ಗೊತ್ತಿಲ್ಲ ಟೀಚರ್. ಯಾವಾಗಿಂದ ಹಿಂಗಿತ್ತು?"

"ಎರಡು ವರ್ಷ ಆಯ್ತು," ಎಂದಳು.

ನನಗೆ ತಡೆಯಲಾಗಲಿಲ್ಲ. ಮಾತಾಡಬಾರದೆಂಬುದನ್ನು ಮರೆತು, "ಎರಡು ವರ್ಷ? ನಾನು ದಿನಾ ಕೇಳಲಿಲ್ವಾ?" ಎಂದೆ.

"ಗಾಡಿ ಹೇಗಿದೆ ಅಂತ ಕೇಳ್ತಿದ್ರಿ," ಎಂದಳು. ಸಿಟ್ಟಿನಿಂದ ಅಲ್ಲ, ತಪ್ಪು ತಿದ್ದುವ ಟೀಚರಿನ ದನಿಯಲ್ಲಿ. "ಗಾಡಿ ಚೆನ್ನಾಗೇ ಇತ್ತು."

ಮೆಕ್ಯಾನಿಕ್ ಬುಷ್ಷನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡ. ಸುಂಟಿಕೊಪ್ಪದ ಅಂಗಡಿಯಲ್ಲಿ ಅದೇ ಅಳತೆಯದ್ದು ಸಿಕ್ಕಿತು. ಮಧ್ಯಾಹ್ನ ಊಟದ ಹೊತ್ತಿಗೆ ಕೂಡಿಸಿ ಮುಗಿಸಿದ. ಬಸ್ಸಿಗೆ ಬಿಡಲು ಹೋದಾಗ ನನಗೆ ಏನೋ ಬುದ್ಧಿ ಹೇಳುತ್ತಾನೆ ಎಂದುಕೊಂಡೆ. ಅವನು ಟೈರಿನ ಗಾಳಿ ನೋಡಿಕೊಳ್ಳಿ ಎಂದಷ್ಟೇ ಹೇಳಿ ಹತ್ತಿಕೊಂಡ.

ಈಗ ಅವಳನ್ನು ಮತ್ತೆ ಶಾಲೆಯವರೆಗೂ ನಾನೇ ಬಿಡುತ್ತೇನೆ. ಬೆನ್ನು ಪೂರ್ತಿ ವಾಸಿಯಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಆ ಅರ್ಜಿ ಇನ್ನೂ ಅವಳ ಬ್ಯಾಗಿನಲ್ಲಿಯೇ ಇದೆ. ಹರಿದು ಹಾಕು ಎಂದು ನಾನು ಹೇಳಲಿಲ್ಲ, ಅದು ಅವಳ ಅರ್ಜಿ. ದಿನಾಂಕದ ಜಾಗ ಇವತ್ತಿಗೂ ಖಾಲಿ ಇದೆ ಎಂಬುದು ಗೊತ್ತು, ಏಕೆಂದರೆ ಕೇಳಿದೆ. ಕ್ಷೌರದಂಗಡಿಯಲ್ಲಿ ಯಾರಾದರೂ ಸಸ್ಪೆನ್ಷನ್ ಮಾತು ತೆಗೆದರೆ ಸಿಟ್ಟು ಬಂದು ಅರ್ಧ ಕ್ಷೌರದಲ್ಲಿ ಎದ್ದು ಬರೋಣ ಎನಿಸುತ್ತದೆ.

ನಿನ್ನೆ ಬೆಳಿಗ್ಗೆ ಹಾಜರಿ ತಡವಾಗಿ ಮುಗಿದು, ಕಲ್ಲು ರಸ್ತೆಯಲ್ಲಿ ಸ್ವಲ್ಪ ಜೋರಾಗಿಯೇ ಇಳಿಸುತ್ತಿದ್ದೆ. ಹಿಂದಿನಿಂದ ದನಿ ಬಂತು.

"ರೀ, ನೋವಾಗ್ತಿದೆ. ನಿಧಾನ ಹೋಗಿ."

ಎರಡು ವರ್ಷದಲ್ಲಿ ಆ ಮಾತನ್ನು ಅವಳು ನನಗೆ ಹೇಳಿದ್ದು ಅದೇ ಮೊದಲ ಸಲ. ನಾನು ಗೇರ್ ಇಳಿಸಿದೆ.